ನಾಯಿಗಳು ತಮ್ಮ ಪಾದಗಳನ್ನು ಕಚ್ಚಿಕೊಳ್ಳುವುದೇಕೆ? ಅದಕ್ಕೆ ಪರಿಹಾರವೇನು?

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗ್ರಾಮ ಮುಖಂಡರಿಗೂ ಹಿಡುವಳಿದಾರರಿಗೂ)

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯು ಕಡಮೆ. ಬೆಟ್ಟ, ಬೋರೆ, ಮುಳ್ಳುಗಾವಲುಗಳು ಹೆಚ್ಚು. ಆದುದರಿಂದಲೇ ಇಲ್ಲಿ ಬೇಸಾಯದೊಡನೆ ಕುರಿ ಮೇಕೆಗಳ ಸಾಕಣೆಯೂ ಬಹುಕಾಲದಿಂದ ನಡೆದುಬಂದಿರುವುದು. ಕುರುಬರೂ ಗೊಲ್ಲರೂ ಮಂದೆಗಳನ್ನು ಮೇಯಿಸಿಕೊಂಡು ಬಂದು ರಾತ್ರಿ ಹೊಲಗಳಲ್ಲಿ ತರುಬಿದರೆ, ಹೊಲದ ಯಜಮಾನನಿಗೆ ಒಳ್ಳೆಯ ಗೊಬ್ಬರವು ದೊರೆಯುವುದು. ಈ ಮಂದೆಯನ್ನು ತೋಳ ಚಿರತೆಗಳಿಂದಲೂ ಕಳ್ಳರಿಂದಲೂ ಕಾಯುವುದು ನಾಯಿಯಲ್ಲದೆ ಮತ್ತೊಂದಲ್ಲ. ತೋಟದ ಮನೆ, ಕಣ, ಹುಲ್ಲಿನ ಬಣವೆ, ಪಂಪುಸೆಟ್ಟು ಇವುಗಳ ಕಾವಲೂ ಅದಕ್ಕೇ ಸೇರಿದ್ದು. ಹೀಗೆ ನಾಯಿಯು ರೈತನ ಆಸ್ತಿಯನ್ನು ಕಾಯುವ ಆಳು. ಆದರೆ ಆಳಿಗೆ ಸಲ್ಲುವ ಆರೈಕೆಯಲ್ಲಿ ಕಾಲು ಭಾಗವೂ ಅದಕ್ಕೆ ಸಲ್ಲುವುದಿಲ್ಲ.

ನಾಯಿಯು ಒಂದೆಡೆ ಮಲಗಿಕೊಂಡು ತನ್ನ ಪಾದವನ್ನು ಬಿಡದೆ ನೆಕ್ಕುವುದನ್ನೂ, ಬೆರಳುಗಳ ಸಂದಿಯನ್ನು ಹಲ್ಲಿನಿಂದ ಕಚ್ಚಿ ಅಗಿಯುವುದನ್ನೂ ಎಲ್ಲರೂ ನೋಡಿರುವರು. ಓಡಾಡಿ ಬಂದ ನಾಯಿಯು ಸ್ವಲ್ಪ ಹೊತ್ತು ಪಾದವನ್ನು ನೆಕ್ಕಿಕೊಂಡು ಶುಚಿಮಾಡಿಕೊಳ್ಳುವುದು ಸಹಜವೇ. ಆದರೆ ದಿನವೂ ಅನೇಕ ವೇಳೆ ಅದೇ ಪಾದವನ್ನು ಕಚ್ಚುತ್ತಿದ್ದರೆ, ಕೂದಲು ಉದುರಿದ್ದರೆ, ಕುಂಟುತ್ತಿದ್ದರೆ, ಅದನ್ನು “ನಾಯಿಯ ಚಟ” ಎಂದು ಬಿಟ್ಟುಬಿಡುವುದು ಸರಿಯಲ್ಲ. ರಾತ್ರಿಯೆಲ್ಲಾ ಕಾಲನ್ನು ಕಚ್ಚಿಕೊಳ್ಳುತ್ತಿರುವ ನಾಯಿಯು ಮಂದೆಯನ್ನು ಕಾಯಲಾರದು. ಅಲ್ಲದೆ ಕೆಲವು ವೇಳೆ ಈ ಲಕ್ಷಣವು ಮನೆಯವರ ಪ್ರಾಣಕ್ಕೇ ಅಪಾಯವಿರುವುದನ್ನು ಸೂಚಿಸುವುದು. ಆದಕಾರಣ ಇದರ ಕಾರಣಗಳನ್ನೂ ಮಾಡತಕ್ಕ ಉಪಚಾರಗಳನ್ನೂ ಇಲ್ಲಿ ಕ್ರಮವಾಗಿ ತಿಳಿಸಲಾಗಿದೆ.

೧. ಮೊದಲು ಮುಖವನ್ನು ನೋಡಿ. ಆಮೇಲೆ ಕಾಲನ್ನು ಹಿಡಿಯಿರಿ

ಹುಚ್ಚುನಾಯಿ ರೋಗವು, ಎಂದರೆ ರೇಬೀಸ್ ರೋಗವು, ತಗುಲಿದ ನಾಯಿಗೆ ಹಿಂದೆ ಕಡಿತವಾದ ಸ್ಥಳದಲ್ಲಿ ಜುಮುಜುಮು ಎನ್ನುವಂತಹ ವೇದನೆಯುಂಟಾಗಿ, ಅದು ಆ ಸ್ಥಳವನ್ನೇ ಕಚ್ಚಿ ಕೀಳುವುದುಂಟು. ಆ ಹಳೆಯ ಕಡಿತವು ಕಾಲಿನಲ್ಲಿದ್ದರೆ, ನೋಡುವವರಿಗೆ ಮುಳ್ಳು ಚುಚ್ಚಿದ ನಾಯಿಯಂತೆಯೇ ಕಾಣುವುದು. ಕಾಲು ಕಚ್ಚಿಕೊಳ್ಳುವ ನಾಯಿಗಳಲ್ಲಿ ಬಹುಪಾಲಿಗೆ ಈ ರೋಗವಿರುವುದಿಲ್ಲ. ಆದರೆ ಇರುವ ಒಂದೇ ಒಂದನ್ನು ತಿಳಿಯದೆ ಹಿಡಿದುಕೊಂಡರೆ ಆಗುವ ಅನರ್ಥವು ಅಪಾರ. ಆದುದರಿಂದ ಕಾಲನ್ನು ಹಿಡಿಯುವುದಕ್ಕೆ ಮುಂಚೆ ದೂರದಲ್ಲಿಯೇ ನಿಂತು ಈ ಕೆಳಗಿನ ಚಿಹ್ನೆಗಳಿರುವುವೇ ಎಂದು ನೋಡತಕ್ಕದ್ದು:

(ಅ) ಸ್ವಭಾವವು ಇದ್ದಕ್ಕಿದ್ದಂತೆ ಬದಲಾಗಿರುವುದು. ಸಾಧುವಾದ ನಾಯಿಯು ಕೆರಳುವುದು, ಚುರುಕಾದ ನಾಯಿಯು ಕತ್ತಲೆಯ ಮೂಲೆಯನ್ನು ಸೇರುವುದು.
(ಆ) ಬಾಯಿಂದ ಜೊಲ್ಲು ಸುರಿಯುವುದು, ಕೆಳದವಡೆಯು ಜೋತುಬೀಳುವುದು, ನೀರನ್ನಾಗಲಿ ಅನ್ನವನ್ನಾಗಲಿ ನುಂಗಲಾರದಿರುವುದು.
(ಇ) ಬೊಗಳುವ ಧ್ವನಿಯು ಒಡೆದು ಬೇರೆಯಾಗಿರುವುದು.
(ಈ) ಕಾರಣವಿಲ್ಲದೆ ದನ, ಮನುಷ್ಯ, ಕಲ್ಲು, ಕಟ್ಟಿಗೆಗಳನ್ನು ಕಚ್ಚುವುದು, ನಡೆಯುವಾಗ ತೂರಾಡುವುದು.

ಇವುಗಳಲ್ಲಿ ಒಂದು ಕಂಡರೂ ನಾಯಿಯನ್ನು ಮುಟ್ಟಕೂಡದು. ಮಕ್ಕಳನ್ನೂ ದನಕರುಗಳನ್ನೂ ದೂರವಿಟ್ಟು, ಸಾಧ್ಯವಾದರೆ ನಾಯಿಯಿರುವ ಕೊಟ್ಟಿಗೆಯ ಬಾಗಿಲನ್ನು ಹೊರಗಿನಿಂದ ಮುಚ್ಚಿ, ಪಶುವೈದ್ಯರಿಗೆ ಕೂಡಲೇ ತಿಳಿಸತಕ್ಕದ್ದು. ಬಾಯಿಯಲ್ಲಿ ಮೂಳೆ ಸಿಕ್ಕಿಕೊಂಡಿರಬಹುದೆಂದು ಕೈಹಾಕಿ ಪ್ರಾಣವನ್ನು ಕಳೆದುಕೊಂಡವರುಂಟು. ಈ ರೋಗದ ವಿಷವು ನಾಯಿಯ ಜೊಲ್ಲಿನಲ್ಲಿರುವುದು. ಕಚ್ಚದಿದ್ದರೂ, ನಮ್ಮ ಕೈಯ ಗಾಯವನ್ನೋ ತುಟಿ ಕಣ್ಣುಗಳನ್ನೋ ಅದು ನೆಕ್ಕಿದರೆ ಸಾಕು.

ಕಡಿತವಾದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷಗಳವರೆಗೆ ಚೆನ್ನಾಗಿ ತೊಳೆದು, ಅದೇ ದಿನ ಸರ್ಕಾರದ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಮೆಣಸಿನ ಪುಡಿ, ಅರಿಶಿನ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ತುಂಬಕೂಡದು. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಹಾಕುವರೆಂಬ ಭಯವು ಈಗಲೂ ಅನೇಕರಲ್ಲಿರುವುದು. ಪ್ರಾಣಿಗಳ ಮಿದುಳಿನಿಂದ ತಯಾರಾಗುತ್ತಿದ್ದ ಆ ಹಳೆಯ ಮದ್ದು ನಮ್ಮ ದೇಶದಲ್ಲಿ ೨೦೦೫ರ ಹೊತ್ತಿಗೇ ನಿಂತುಹೋಯಿತು. ಈಗಿನ ಮದ್ದನ್ನು ತೋಳಿಗೆ ಕೊಡುವರು. ಚರ್ಮದೊಳಗೆ ಕೊಡುವ ಕ್ರಮದಲ್ಲಿ, ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ, ಆ ದಿನವೂ ೩, ೭, ೨೮ನೆಯ ದಿನಗಳಲ್ಲಿಯೂ ಹಾಕಿಸಿಕೊಳ್ಳಬೇಕು. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತಲೂ ಬೇರೊಂದು ಮದ್ದನ್ನು ಕೊಡುವರು, ಅದನ್ನು ಬೇಡವೆನ್ನಬಾರದು. ೧೮೮೫ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ ಒಬ್ಬ ಬಾಲಕನಿಗೆ ಮೊದಲು ಮದ್ದು ಕೊಟ್ಟನು. ಅಂದಿನಿಂದ ಈ ರೋಗವನ್ನು ತಡೆಯುವುದು ಸಾಧ್ಯವಾಗಿರುವುದು; ಆದರೆ ರೋಗವು ಒಮ್ಮೆ ಕಾಣಿಸಿಕೊಂಡರೆ ಸಾಮಾನ್ಯವಾಗಿ ಯಾರೂ ಬದುಕುವುದಿಲ್ಲ.

೨. ಪಾದದ ರಚನೆ

ನಾಯಿಯ ಅಂಗಾಲಿನಲ್ಲಿ ದಪ್ಪ ಚರ್ಮದ ಮೆತ್ತೆಗಳಿರುವುವು. ಮೆತ್ತೆಯು ಗಡುಸಾಗಿದ್ದರೂ ಬೆರಳುಗಳ ಸಂದಿಯ ಚರ್ಮವು ಬಹು ತೆಳುವು. ನಾಯಿಗೆ ನಮ್ಮಂತೆ ಮೈಯೆಲ್ಲಾ ಬೆವರುವುದಿಲ್ಲ. ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿಯೇ ಇರುವುವು. ಆದುದರಿಂದ ಸಂದಿಯಲ್ಲಿ ತೇವವು ನಿಲ್ಲುವುದು. ತೇವಕ್ಕೆ ಮಣ್ಣು, ಧೂಳು, ಊಬು, ಔಷಧಿಗಳು ಅಂಟಿಕೊಳ್ಳುವುವು. ಅಲ್ಲಿ ತುರಿಕೆಯಾದರೆ ನಾಯಿಯು ನೆಕ್ಕುವುದು. ನೆಕ್ಕಿದರೆ ತೇವವು ಹೆಚ್ಚುವುದು. ತೇವದಲ್ಲಿ ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆದು ತುರಿಕೆಯು ಇಮ್ಮಡಿಸುವುದು. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿದಲ್ಲದೆ ಪಾದವು ವಾಸಿಯಾಗದು.

೩. ಪರೀಕ್ಷಿಸುವ ಕ್ರಮ

ನಾಯಿಗೆ ಪರಿಚಯವುಳ್ಳವನು ತಲೆಯ ಬಳಿ ಕುಳಿತು ಸಮಾಧಾನಪಡಿಸುತ್ತಿರಬೇಕು. ಮತ್ತೊಬ್ಬನು ಬೆಳಕಿನಲ್ಲಿ ಕಾಲನ್ನು ನೋಡಬೇಕು. ನೋವಿದ್ದರೆ ಎಂತಹ ಸಾಧು ನಾಯಿಯೂ ಕಚ್ಚುವುದು. ಆದುದರಿಂದ ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಮೂತಿಗೆ ಸುತ್ತಿ ಕಿವಿಯ ಹಿಂದೆ ಕಟ್ಟಿಕೊಳ್ಳುವುದು ಒಳ್ಳೆಯದು. ನಾಯಿಗಳು ತೇಕುವುದರಿಂದಲೇ ಮೈಯ ಕಾವನ್ನು ಇಳಿಸಿಕೊಳ್ಳುವುದರಿಂದ, ಆ ಕಟ್ಟನ್ನು ಕೆಲವು ನಿಮಿಷಗಳಿಗಿಂತ ಹೆಚ್ಚು ಬಿಡಕೂಡದು. ಮೆತ್ತೆಗಳನ್ನೂ ಪ್ರತಿಯೊಂದು ಸಂದಿಯನ್ನೂ ಉಗುರಿನ ಬುಡವನ್ನೂ ಬಿಡಿಸಿ ನೋಡಿ, ಚೆನ್ನಾಗಿರುವ ಕಾಲಿನೊಡನೆ ಹೋಲಿಸತಕ್ಕದ್ದು.

ಇಲ್ಲಿ ಒಂದು ಸುಲಭವಾದ ಸೂತ್ರವನ್ನು ನೆನಪಿನಲ್ಲಿಡಬಹುದು. ನಾಯಿಯು ಒಂದೇ ಪಾದವನ್ನು ಕಚ್ಚಿಕೊಳ್ಳುತ್ತಿದ್ದರೆ ಮುಳ್ಳು, ಗಾಯ, ಮುರಿದ ಉಗುರು, ಉಣ್ಣೆ ಇವುಗಳಲ್ಲೊಂದನ್ನು ಹುಡುಕಬೇಕು. ಎರಡು ಅಥವಾ ನಾಲ್ಕು ಪಾದಗಳನ್ನೂ ಕಚ್ಚುತ್ತಿದ್ದರೆ ಕಜ್ಜಿ, ಒಗ್ಗದಿಕೆ, ಸೋಂಕು, ತುಳಿದ ಔಷಧಿ ಇವುಗಳನ್ನು ಶಂಕಿಸಬೇಕು. ಬಿಳಿಯ ಅಥವಾ ತಿಳಿಬಣ್ಣದ ನಾಯಿಯ ಪಾದದ ಕೂದಲು ತುಕ್ಕಿನಂತೆ ಕೆಂಪಾಗಿದ್ದರೆ, ಅದು ಬಹುದಿನಗಳಿಂದ ನೆಕ್ಕುತ್ತಿರುವುದಕ್ಕೆ ಗುರುತು. ಜೊಲ್ಲೇ ಆ ಬಣ್ಣವನ್ನು ಹತ್ತಿಸುವುದು.

೪. ಕಾರಣಗಳು

ಮುಳ್ಳು ಮತ್ತು ಊಬು: ಈ ಸೀಮೆಯಲ್ಲಿ ಮೊದಲು ಹುಡುಕಬೇಕಾದ ಕಾರಣವು ಇದೇ. ಕೆರೆಯಂಗಳಗಳನ್ನೂ ಗೋಮಾಳಗಳನ್ನೂ ಬಳ್ಳಾರಿ ಜಾಲಿಯು ಆವರಿಸಿರುವುದು. ಹೊಲದ ಬದುಗಳಲ್ಲಿ ನೆಗ್ಗಿಲು ಮುಳ್ಳು ಹರಡಿರುವುದು. ಜಾಲಿಯ ಮುಳ್ಳು ಮೆತ್ತೆಯಲ್ಲಿ ಮುರಿದುಕೊಂಡು ಒಳಗೇ ಉಳಿಯುವುದು. ಹುಲ್ಲಿನ ಊಬು ಇನ್ನೂ ಕೆಟ್ಟದ್ದು. ಅದರ ಮೊನೆಯು ಮುಂದಕ್ಕೆ ಮಾತ್ರ ಹೋಗುವಂತೆ ಹಿಮ್ಮುಖವಾದ ನವಿರುಗಳಿಂದ ಕೂಡಿರುವುದರಿಂದ, ನಾಯಿಯು ನಡೆದಷ್ಟೂ ಅದು ಸಂದಿಯ ಚರ್ಮವನ್ನು ಭೇದಿಸಿ ಮೇಲೇರುವುದು. ಸಂದಿಯಲ್ಲಿ ಕೀವು ಒಸರುವ ಸಣ್ಣ ತೂತು ಕಂಡು, ಅದು ಒಣಗಿದಂತಾಗಿ ಮತ್ತೆ ಮತ್ತೆ ಒಡೆಯುತ್ತಿದ್ದರೆ, ಒಳಗೆ ಊಬೋ ಮುಳ್ಳಿನ ಚೂರೋ ಇರುವುದೆಂದು ತಿಳಿಯಬೇಕು.

ಕಾದ ನೆಲ, ಬಿರುಕು, ಉಗುರು: ಪಾವಗಡದ ಕಡೆ ಬೇಸಗೆಯಲ್ಲಿ ಬಂಡೆಯೂ ಡಾಂಬರು ರಸ್ತೆಯೂ ಕಾದು ಮೆತ್ತೆಗಳು ಸುಡುವುವು. ಅಂಗೈಯ ಹಿಂಭಾಗವನ್ನು ನೆಲದ ಮೇಲಿಟ್ಟು ಏಳು ಎಣಿಸುವವರೆಗೆ ತಾಳಲಾಗದಿದ್ದರೆ, ಆ ನೆಲದ ಮೇಲೆ ನಾಯಿಯನ್ನು ನಡೆಸಕೂಡದು. ತಿರುಮಣಿಯ ಸುತ್ತಮುತ್ತ ೧೩,೦೦೦ ಎಕರೆಗಳಷ್ಟು ಭೂಮಿಯು ಸೌರವಿದ್ಯುತ್ತಿಗೆ ಸೇರಿರುವ ಕಡೆಗಳಲ್ಲಿ ಮಂದೆಯು ರಸ್ತೆಯಂಚಿನಲ್ಲಿ ನಡೆಯಬೇಕಾಗಿ ಬಂದಾಗ, ಬೆಳಗ್ಗೆ ಸಂಜೆಗಳಲ್ಲಿಯೇ ದಾಟಿಸುವುದು ಕುರಿಗೂ ನಾಯಿಗೂ ಕ್ಷೇಮ. ಕಟ್ಟಿಹಾಕಿದ ನಾಯಿಯ ಉಗುರುಗಳು ಸವೆಯದೆ ಬೆಳೆದು ಬಾಗಿ ಮೆತ್ತೆಗೆ ಚುಚ್ಚಿಕೊಳ್ಳುವುದೂ ಉಂಟು.

ಉಣ್ಣೆ, ಚಿಗಟ, ಕಜ್ಜಿ: ಉಣ್ಣೆಯು ಬೆರಳ ಸಂದಿಯಲ್ಲಿ ಸೇರಿಕೊಂಡು ರಕ್ತವನ್ನು ಹೀರುವುದು. ತುರಿಕೆಯಲ್ಲದೆ ರಕ್ತವನ್ನು ಕೆಡಿಸುವ ಜ್ವರಗಳನ್ನೂ ಅದು ತರುವುದು. ಹೆಣ್ಣು ಉಣ್ಣೆಯು ನಾಯಿಯ ಮೈಯಿಂದ ಇಳಿದು ಗೋಡೆಯ ಬಿರುಕಿನಲ್ಲಿಯೂ ಕಲ್ಲಿನ ಸಂದಿನಲ್ಲಿಯೂ ಸಾವಿರಾರು ಮೊಟ್ಟೆಗಳನ್ನಿಡುವುದು. ಆದುದರಿಂದ ನಾಯಿಯೊಂದನ್ನೇ ಶುಚಿಮಾಡಿದರೆ ಪ್ರಯೋಜನವಿಲ್ಲ, ಅದು ಮಲಗುವ ಸ್ಥಳವನ್ನೂ ಗುಡಿಸಿ ಬಿರುಕುಗಳನ್ನು ಮುಚ್ಚಬೇಕು. ಕಜ್ಜಿಯು ಕಣ್ಣಿಗೆ ಕಾಣದ ಹುಳುಗಳಿಂದ ಬರುವುದು. ಅದರಲ್ಲಿ ಒಂದು ಜಾತಿಯು ಕಿವಿಯ ಅಂಚು, ಮೊಣಕೈಗಳಲ್ಲಿ ಮೊದಲಾಗಿ ಮೈಯೆಲ್ಲಾ ಹರಡುವುದು, ಮನೆಯವರಿಗೂ ತುರಿಕೆಯನ್ನುಂಟುಮಾಡುವುದು. ಮತ್ತೊಂದು ಜಾತಿಯು ಪಾದಗಳಲ್ಲಿಯೇ ನೆಲೆಸಿ ಊತವನ್ನೂ ಕೀವಿನ ಗುಳ್ಳೆಗಳನ್ನೂ ತರುವುದು. ಎರಡಕ್ಕೂ ಔಷಧಿಯುಂಟು, ಆದರೆ ಯಾವ ಹುಳುವೆಂಬುದನ್ನು ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು.

ಕೊಕ್ಕೆಹುಳು: ಕೊರಟಗೆರೆಯ ಕಡೆ ಜಯಮಂಗಲಿ, ಸುವರ್ಣಮುಖಿ ನದಿಗಳ ದಡದ ತೋಟಗಳಂತೆ ನೆರಳೂ ತೇವವೂ ಇರುವಲ್ಲಿ ಈ ಬಾಧೆಯನ್ನು ಗಮನಿಸಬೇಕು. ನಾಯಿಯ ಮಲದಲ್ಲಿ ಬಿದ್ದ ಮೊಟ್ಟೆಗಳು ತೇವದ ಮಣ್ಣಿನಲ್ಲಿ ಮರಿಯಾಗಿ, ಪಾದದ ಚರ್ಮದ ಮೂಲಕ ಒಳಹೊಕ್ಕು ಉರಿಯನ್ನೂ ತುರಿಕೆಯನ್ನೂ ಉಂಟುಮಾಡುವುವು. ಬರಿಗಾಲಿನಲ್ಲಿ ಆಡುವ ಮಕ್ಕಳ ಚರ್ಮವನ್ನೂ ಇವು ಹೊಗುವುವು. ನಾಯಿಯ ಮಲವನ್ನು ದಿನವೂ ತೆಗೆದು ಹೂಳುವುದೂ, ಕಾಲಕಾಲಕ್ಕೆ ಹುಳುವಿನ ಔಷಧಿಯನ್ನು ಕುಡಿಸುವುದೂ ಅಗತ್ಯ.

ಔಷಧಿ ಮತ್ತು ಗೊಬ್ಬರ: ಕಳೆನಾಶಕವನ್ನೋ ಕೀಟನಾಶಕವನ್ನೋ ಸಿಂಪಡಿಸಿದ ಹೊಲದಲ್ಲಿ ನಡೆದ ನಾಯಿಯ ಪಾದಗಳು ಉರಿಯುವುವು, ಅದು ನೆಕ್ಕಿದಾಗ ವಿಷವು ಹೊಟ್ಟೆಗೂ ಸೇರುವುದು. ಸಿಂಪಡಿಸಿದ ದಿನ ನಾಯಿಯನ್ನು ಹೊಲಕ್ಕೆ ಬಿಡಕೂಡದು. ತುಳಿದಿದ್ದರೆ ಕೈಗೆ ರಕ್ಷಣೆಯಿಟ್ಟುಕೊಂಡು ಸಾಬೂನು ನೀರಿನಿಂದ ಪಾದಗಳನ್ನು ತೊಳೆಯಬೇಕು. ಜೊಲ್ಲು, ನಡುಕ, ವಾಂತಿಗಳು ಕಂಡರೆ ಒಂದು ಗಳಿಗೆಯನ್ನೂ ಕಳೆಯದೆ, ಔಷಧಿಯ ಡಬ್ಬಿಯ ಚೀಟಿಯೊಡನೆ ಪಶುವೈದ್ಯರ ಬಳಿಗೆ ಕೊಂಡೊಯ್ಯಬೇಕು.

ಒಗ್ಗದಿಕೆ: ಧೂಳು, ಧೂಳಿನ ಸೂಕ್ಷ್ಮಹುಳು, ಹೂವಿನ ಪರಾಗ ಇವು ಕೆಲವು ನಾಯಿಗಳ ಮೈಗೆ ಒಗ್ಗುವುದಿಲ್ಲ. ಆಗ ಪಾದಗಳಲ್ಲಿಯೂ ಕಿವಿಗಳಲ್ಲಿಯೂ ತುರಿಕೆಯೇಳುವುದು; ಪ್ರತಿವರ್ಷವೂ ಅದೇ ಋತುವಿನಲ್ಲಿ ಮರುಕಳಿಸುವುದೂ ಉಂಟು. ಯಾವ ತಿಂಗಳಲ್ಲಿ ಆರಂಭವಾಯಿತೆಂಬುದನ್ನು ಗುರುತುಹಾಕಿಕೊಂಡು ಹೇಳಿದರೆ ವೈದ್ಯರಿಗೆ ಬಹಳ ಸಹಾಯವಾಗುವುದು. ಅಪರೂಪವಾಗಿ ಆಹಾರವೂ ಒಗ್ಗದಿರುವುದುಂಟು. ಇದನ್ನು ವಾರಗಟ್ಟಲೆ ಒಂದೇ ಬಗೆಯ ಆಹಾರವನ್ನು ಕೊಟ್ಟು ಪರೀಕ್ಷಿಸಿಯೇ ನಿರ್ಧರಿಸಬೇಕು.

ಆಹಾರದ ಕೊರತೆ ಮತ್ತು ಬೇಸರ: ಬೆಳೆಯುವ ಮರಿಗಳಿಗೆ ಬರಿಯ ಧಾನ್ಯವನ್ನೇ ಹಾಕುತ್ತಿದ್ದರೆ ಸತುವಿನ ಅಂಶವು ಮೈಗೆ ಹತ್ತದೆ ಮೆತ್ತೆಗಳು ಒರಟಾಗಿ ಸಿಪ್ಪೆಯೇಳಬಹುದು. ರಾಗಿಮುದ್ದೆಯೊಡನೆ ಬೇಯಿಸಿದ ಮೊಟ್ಟೆಯನ್ನೋ ಮಾಂಸವನ್ನೋ ಕೊಡುವುದು ಹಿತಕರ. ಇನ್ನು ಕೆಲವು ನಾಯಿಗಳು ಹಗಲಿರುಳೂ ಒಂದೇ ಗೂಟದಲ್ಲಿ ಕಟ್ಟಲ್ಪಟ್ಟು, ಮಾಡಲು ಬೇರೇನೂ ಇಲ್ಲದೆ ಪಾದವನ್ನು ಅಗಿಯುವುವು. ಕೀಲುನೋವಿನ ಮುದಿನಾಯಿಗಳೂ ಹೀಗೆಯೇ ಮಾಡುವುವು. ಮೇಲಿನ ಕಾರಣಗಳೆಲ್ಲಾ ಇಲ್ಲವೆಂದಾದ ಮೇಲೆ ಮಾತ್ರ ಬೇಸರವೇ ಕಾರಣವೆಂದು ತೀರ್ಮಾನಿಸತಕ್ಕದ್ದು.

೫. ಮನೆಯಲ್ಲಿ ಮಾಡತಕ್ಕ ಉಪಚಾರ

(೧) ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಎರಡು ಸಣ್ಣ ಚಮಚ ಉಪ್ಪನ್ನು ಹಾಕಿ, ಉಗುರುಬೆಚ್ಚಗಿರುವಾಗ ಪಾದವನ್ನು ಐದು ನಿಮಿಷ ಅದರಲ್ಲಿ ನೆನೆಯಿಸಿ ತೊಳೆಯಿರಿ. ಆಮೇಲೆ ಒಣಬಟ್ಟೆಯಿಂದ ಸಂದಿಗಳನ್ನು ಪೂರಾ ಒರಸಿರಿ. ತೊಳೆಯುವುದಕ್ಕಿಂತಲೂ ಒಣಗಿಸುವುದು ಮುಖ್ಯ.
(೨) ಹೊರಗೆ ಕಾಣುವ ಮುಳ್ಳನ್ನು ಚಿಮಟದಿಂದ ಬುಡದಲ್ಲಿ ಹಿಡಿದು, ಹೊಕ್ಕ ದಿಕ್ಕಿನಲ್ಲಿಯೇ ನೇರವಾಗಿ ಹೊರಕ್ಕೆಳೆಯಿರಿ. ಕಾಣದಿರುವುದನ್ನು ಪಿನ್ನಿನಿಂದಲೋ ಚಾಕುವಿನಿಂದಲೋ ಕೆದಕಬೇಡಿರಿ; ಅದು ವೈದ್ಯರ ಕೆಲಸ.
(೩) ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ಮೆಲ್ಲನೆ ಎಳೆದು ಸಾಬೂನು ನೀರಿನಲ್ಲಿ ಹಾಕಿರಿ. ಬೆರಳಿನಿಂದ ಹಿಸುಕಕೂಡದು.
(೪) ಗಾಯವು ಮಾಯುವವರೆಗೆ ನೆಕ್ಕದಂತೆ ತಡೆಯಬೇಕು. ತಲೆಯು ಸಲೀಸಾಗಿ ತೂರುವಂತೆ ತಳವನ್ನು ಕತ್ತರಿಸಿದ ಹಳೆಯ ಪ್ಲಾಸ್ಟಿಕ್ ಬಕೆಟ್ಟನ್ನು, ಅಂಚಿಗೆ ಬಟ್ಟೆ ಸುತ್ತಿ, ಕೊರಳಪಟ್ಟಿಗೆ ಕಟ್ಟಿದರೆ ಸಾಕು. ಉಣ್ಣುವಾಗಲೂ ನೀರು ಕುಡಿಯುವಾಗಲೂ ಅದನ್ನು ತೆಗೆಯಬೇಕು.
(೫) ಮಂದೆಯಿಂದ ಬಂದ ನಾಯಿಯ ನಾಲ್ಕು ಪಾದಗಳನ್ನೂ ಪ್ರತಿಸಂಜೆ ಒಮ್ಮೆ ತಡವಿ ನೋಡುವುದನ್ನು ಅಭ್ಯಾಸಮಾಡಿಕೊಳ್ಳಿರಿ. ಎರಡು ನಿಮಿಷದ ಈ ಕೆಲಸವು ಎರಡು ತಿಂಗಳ ಕುಂಟುವಿಕೆಯನ್ನು ತಪ್ಪಿಸುವುದು.

ಊತ, ಕೀವು, ದುರ್ವಾಸನೆ, ಜ್ವರ ಇವು ಕಂಡರೂ, ನಾಯಿಯು ಕಾಲನ್ನು ಊರದಿದ್ದರೂ, ಎರಡು ಮೂರು ದಿನಗಳಲ್ಲಿ ಗುಣವು ತೋರದಿದ್ದರೂ ಪಶುವೈದ್ಯಶಾಲೆಗೆ ಹೋಗಬೇಕು. ದೂರದ ಹಟ್ಟಿಗಳವರು ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುಚಿಕಿತ್ಸೆಯ ವಿಷಯವನ್ನು ವಿಚಾರಿಸಬಹುದು.

೬. ಮಾಡಕೂಡದ ಕೆಲಸಗಳು

ಪಾದಕ್ಕೆ ಹಚ್ಚಿದ್ದು ನಾಯಿಯ ಹೊಟ್ಟೆಗೆ ಹೋಗುವುದು. ಈ ಒಂದು ಮಾತನ್ನು ಮರೆಯದಿದ್ದರೆ ಅನೇಕ ತಪ್ಪುಗಳು ತಾವಾಗಿಯೇ ನಿಲ್ಲುವುವು. ಇಂಜಿನಿನ ಹಳೆಯ ಎಣ್ಣೆ, ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಕೀಟನಾಶಕ ಇವುಗಳನ್ನು ಕಜ್ಜಿಗೂ ಉಣ್ಣೆಗೂ ಬಳಿಯುವ ಪದ್ಧತಿಯು ಹಲವು ಕಡೆ ಇರುವುದು. ಇದರಿಂದ ಉಣ್ಣೆಯೊಡನೆ ನಾಯಿಯೂ ಸಾಯಬಹುದು. ಮನುಷ್ಯರ ಜ್ವರದ ಮತ್ತು ನೋವಿನ ಮಾತ್ರೆಗಳೂ ನಾಯಿಗೆ ವಿಷಪ್ರಾಯವಾಗಬಲ್ಲುವು. ಕುರಿಗೆ ಹಾಕಿ ಉಳಿದ ಹುಳುವಿನ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಡಕೂಡದು. ಪಾದವನ್ನು ಕಚ್ಚಿಕೊಂಡಿತೆಂದು ಹೊಡೆಯುವುದರಿಂದಲೂ ಫಲವಿಲ್ಲ. ತುರಿಕೆಯು ಪೆಟ್ಟಿಗೆ ಹೋಗುವುದಿಲ್ಲ.

೭. ಗ್ರಾಮ ಮುಖಂಡರ ಕರ್ತವ್ಯ

ಒಂದು ಮನೆಯ ನಾಯಿಯನ್ನು ಶುಚಿಯಾಗಿಟ್ಟರೂ, ಊರ ನಾಯಿಗಳೆಲ್ಲಾ ಕಜ್ಜಿ ಹತ್ತಿ ತಿರುಗುತ್ತಿದ್ದರೆ ಫಲವಿಲ್ಲ. ಆದುದರಿಂದ ಮುಖಂಡರು ಈ ನಾಲ್ಕು ವಿಷಯಗಳನ್ನು ಗಮನಿಸಬೇಕೆಂದು ಪ್ರಾರ್ಥನೆ.

ಮೊದಲನೆಯದಾಗಿ, ಮೂರು ತಿಂಗಳು ತುಂಬಿದ ಪ್ರತಿಯೊಂದು ನಾಯಿಗೂ ರೇಬೀಸ್ ಲಸಿಕೆಯನ್ನು ಹಾಕಿಸಿ, ವರ್ಷಕ್ಕೊಮ್ಮೆ ಮರುಲಸಿಕೆಯನ್ನು ಕೊಡಿಸುವುದು. ಸೆಪ್ಟೆಂಬರ್ ೨೮ನೆಯ ದಿನವನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುವರು; ಆ ದಿನವನ್ನು ಹಟ್ಟಿಯ ನಾಯಿಗಳ ಲಸಿಕೆಗೆ ಗುರುತುಮಾಡಿಕೊಂಡರೆ ಮರೆವಾಗದು. ಎರಡನೆಯದಾಗಿ, ಸತ್ತ ಕುರಿದನಗಳನ್ನೂ, ಹಬ್ಬ ಜಾತ್ರೆಗಳಲ್ಲಿ ಕಡಿದ ಕುರಿಗಳ ಕರುಳು ಈಲಿಗಳನ್ನೂ ಬೀದಿಗೆಸೆಯದೆ ಆಳವಾಗಿ ಹೂಳಿಸುವುದು. ಹಸಿಯ ಕರುಳನ್ನು ತಿಂದ ನಾಯಿಯಿಂದ ಲಾಡಿಹುಳುವಿನ ರೋಗಗಳು ಮರಳಿ ಕುರಿಗಳಿಗೂ ಮನುಷ್ಯರಿಗೂ ಬರುವುವು. ಮೂರನೆಯದಾಗಿ, ಬೀದಿನಾಯಿಗಳು ಹೆಚ್ಚಿದರೆ ಕೊಲ್ಲಿಸದೆ, ೨೦೨೩ರ ನಿಯಮಗಳಂತೆ ಸಂತಾನಹರಣ ಚಿಕಿತ್ಸೆಯನ್ನೂ ಲಸಿಕೆಯನ್ನೂ ಪಂಚಾಯಿತಿಯ ಮೂಲಕ ಏರ್ಪಡಿಸುವುದು. ನಾಲ್ಕನೆಯದಾಗಿ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ೨೦೦೭ರಲ್ಲಿ ೭೯೮ ಎಕರೆಗಳ ಕೃಷ್ಣಮೃಗ ಸಂರಕ್ಷಣಾ ಪ್ರದೇಶವು ಏರ್ಪಟ್ಟಿರುವುದು. ಅದರ ಸುತ್ತಣ ಊರವರು ತಮ್ಮ ನಾಯಿಗಳು ಜಿಂಕೆಗಳನ್ನು ಅಟ್ಟದಂತೆ ಹಿಡಿತದಲ್ಲಿಡುವುದು.

ಮುಗಿವು

ನಾಯಿಗೆ ಬಾಯಿಲ್ಲವೆಂದು ನಾವು ಹೇಳುವೆವು. ಅದು ಪಾದವನ್ನು ಕಚ್ಚಿಕೊಳ್ಳುವುದೇ ಅದರ ಮಾತು; ಒಂದು ಕಾಲನ್ನು ಕಚ್ಚಿದರೆ ಒಂದು ಅರ್ಥ, ನಾಲ್ಕನ್ನೂ ಕಚ್ಚಿದರೆ ಮತ್ತೊಂದು ಅರ್ಥ. ಮುಖವನ್ನು ನೋಡಿ, ಆಮೇಲೆ ಕಾಲನ್ನು ನೋಡಿ, ತೊಳೆದು ಒಣಗಿಸಿ, ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕು. ಇಷ್ಟನ್ನು ಮಾಡುವ ಯಜಮಾನನ ರೊಪ್ಪದಲ್ಲಿ ಕಾವಲು ತಪ್ಪುವುದಿಲ್ಲ. ಅವನ ಮನೆಯ ಮಕ್ಕಳಿಗೂ ಭಯವಿರುವುದಿಲ್ಲ. ಓದಿದವರು ಈ ವಿಷಯವನ್ನು ಓದಲಾರದ ಕುರಿಗಾಹಿಗಳಿಗೆ ಹೇಳಿ ತಿಳಿಸಬೇಕೆಂದು ಕೋರಲಾಗಿದೆ.